ಕಂಡ ನಾಡು, ನೆನೆದ ನಾಡು: ಮೆಡೋಸ್ ಟೇಲರನ ಜೀವನ

ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಹಳೆಯ ಬಂಗಲೆಯೊಂದುಂಟು. ದೇವಾಪುರ, ಕಕ್ಕೇರಾ, ವಾಗಿನಗೇರಾ ಮೊದಲಾದ ಊರುಗಳಿಂದ ಓದಿಗಾಗಿ ಬರುವ ನಮ್ಮಲ್ಲಿ ಅದರ ಹೆಸರನ್ನು ಕೇಳದವರು ಬಹುಶಃ ಯಾರೂ ಇರಲಾರರು. ಆದರೆ ಅದನ್ನು ಕಟ್ಟಿಸಿ ಅಲ್ಲಿ ಬಾಳಿದವನು ಯಾರು, ಅವನು ಈ ಸೀಮೆಯಿಂದ ಏನನ್ನು ಕೊಂಡೊಯ್ದನು, ಇಲ್ಲಿ ಏನನ್ನು ಬಿಟ್ಟುಹೋದನು ಎಂಬುದನ್ನು ವಿಚಾರಿಸಿದವರು ಕಡಿಮೆ.

ಈ ವಿಚಾರಣೆಗೆ ಇಂದು ಒಂದು ಹೊಸ ಕಾರಣವೂ ಒದಗಿದೆ. ಕಲೆಯನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ಕುಂಚದೊಡನೆ ಗಣಕಯಂತ್ರವನ್ನೂ ಹಿಡಿದಿದ್ದಾರೆ. ಮನುಷ್ಯನ ಕಣ್ಣು ಹೇಗೆ ಕಾಣುತ್ತದೆ, ಕಂಡದ್ದು ನೆನಪಿನಲ್ಲಿ ಹೇಗೆ ಮಾರ್ಪಡುತ್ತದೆ, ನೋಡುವವನನ್ನು ಚಿತ್ರದ ಎದುರಿಗೆ ನಿಲ್ಲಿಸದೆ ಚಿತ್ರದ ನಡುವಿಗೇ ಕರೆತರುವುದು ಹೇಗೆ ಎಂಬಿವು ಅವರ ಸಂಶೋಧನೆಯ ಪ್ರಶ್ನೆಗಳು. ನಮ್ಮ ನಾಡಿನ ಹಂಪೆಯನ್ನೇ ವಸ್ತುವಾಗಿಟ್ಟುಕೊಂಡು ಸಾರಾ ಕೆಂಡರ್‌ಡೈನ್ ಮತ್ತು ಜೆಫ್ರಿ ಶಾ ಎಂಬ ಕಲಾವಿದರು ೨೦೦೬ರಲ್ಲಿ ‘ಪ್ಲೇಸ್-ಹಂಪಿ’ ಎಂಬ ಕೃತಿಯನ್ನು ಸಿದ್ಧಪಡಿಸಿದರು. ದುಂಡಗೆ ಸುತ್ತುವರಿದ ತೆರೆಯ ನಡುವೆ, ತಿರುಗುವ ವೇದಿಕೆಯ ಮೇಲೆ, ವಿಶೇಷವಾದ ಕನ್ನಡಕವನ್ನು ಧರಿಸಿ ನಿಂತವನಿಗೆ ಹಂಪೆಯ ಬಂಡೆಗಳೂ ಗುಡಿಗಳೂ ಕೈಗೆಟಕುವಷ್ಟು ಹತ್ತಿರದಲ್ಲಿ ಕಾಣುವಂತೆ ಅದನ್ನು ಏರ್ಪಡಿಸಿದ್ದರು. ಇಂತಹ ಸಾಧನಗಳಾವುವೂ ಇಲ್ಲದ ಕಾಲದಲ್ಲಿ, ಪೆನ್ಸಿಲು, ಅಳತೆಯ ಸರಪಳಿ ಮತ್ತು ಲೇಖನಿ ಇವಿಷ್ಟನ್ನೇ ನೆಚ್ಚಿ, ಇದೇ ಕೆಲಸವನ್ನು ಮಾಡಲೆಳಸಿದವನು ಟೇಲರ್. ಅವನು ಎಲ್ಲಿ ಗೆದ್ದನು, ಎಲ್ಲಿ ಸೋತನು ಎಂಬುದು ಈ ಹಾದಿಯಲ್ಲಿ ಕಾಲಿಡುವವರಿಗೆ ಒಂದು ಪಾಠವಾಗಬಲ್ಲದು.

ಫಿಲಿಪ್ ಮೆಡೋಸ್ ಟೇಲರ್ ೧೮೦೮ನೆಯ ಸೆಪ್ಟೆಂಬರ್ ೨೫ರಂದು ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದನು. ತಂದೆಯು ವ್ಯಾಪಾರಿ. ವ್ಯಾಪಾರವು ಇಳಿಮುಖವಾದುದರಿಂದ ಹುಡುಗನ ಓದು ನಡುವೆಯೇ ನಿಂತಿತು. ಹದಿನೈದು ವರ್ಷದ ಟೇಲರ್ ೧೮೨೪ರಲ್ಲಿ ಮುಂಬಯಿಯ ವರ್ತಕನೊಬ್ಬನ ಬಳಿ ಕೆಲಸಕ್ಕೆಂದು ಹಡಗು ಹತ್ತಿ ಬಂದನು. ಬಂದು ನೋಡಿದರೆ ಆ ವರ್ತಕನ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿದ್ದಿತು. ತಾಯಿಯ ಕಡೆಯ ಬಂಧುವಾದ ಒಬ್ಬ ಹಿರಿಯ ಅಧಿಕಾರಿಯು ಹುಡುಗನ ಮೇಲೆ ಮರುಕಗೊಂಡು, ಹೈದರಾಬಾದಿನ ನಿಜಾಮನ ಸೈನ್ಯದಲ್ಲಿ ಅವನಿಗೊಂದು ಹುದ್ದೆಯನ್ನು ಕೊಡಿಸಿದನು.

ಟೇಲರ್ ಯಾವ ವಿಶ್ವವಿದ್ಯಾಲಯದ ಮೆಟ್ಟಿಲನ್ನೂ ಏರಿದವನಲ್ಲ. ಆದರೂ ಅವನು ಜೀವನವೆಲ್ಲ ವಿದ್ಯಾರ್ಥಿಯಾಗಿಯೇ ಉಳಿದನು. ಹಿಂದೂಸ್ತಾನಿ, ಫಾರಸಿ, ಮರಾಠಿ ಭಾಷೆಗಳನ್ನು ಜನರ ನಡುವೆ ಇದ್ದು ಕಲಿತನು. ನೆಲದ ಮೋಜಣಿ, ರಸ್ತೆ-ಕೆರೆಗಳ ನಿರ್ಮಾಣ, ಕಾನೂನು, ಭೂವಿಜ್ಞಾನ ಇವುಗಳನ್ನು ಪುಸ್ತಕ ನೋಡಿ, ಕೈಯಾರೆ ಮಾಡಿ ಕಲಿತನು. ಎಲ್ಲಕ್ಕಿಂತ ಮಿಗಿಲಾಗಿ ಚಿತ್ರ ಬರೆಯುವ ಹವ್ಯಾಸ ಅವನಿಗಿದ್ದಿತು. ಹೋದ ಕಡೆಯಲ್ಲೆಲ್ಲ ಕೋಟೆ, ಗುಡಿ, ಮಸೀದಿ, ಗುಡ್ಡ, ಜನರ ಉಡುಪು ಎಲ್ಲವನ್ನೂ ಗುರುತುಹಾಕಿಕೊಳ್ಳುತ್ತಿದ್ದನು. ಇವುಗಳಲ್ಲಿ ಕೆಲವು ೧೮೩೭ರಲ್ಲಿ ‘ಸ್ಕೆಚಸ್ ಇನ್ ದಿ ಡೆಕ್ಕನ್’ ಎಂಬ ಸಂಪುಟವಾಗಿ ಲಂಡನ್ನಿನಲ್ಲಿ ಕಲ್ಲಚ್ಚಿನಲ್ಲಿ ಮುದ್ರಣವಾದುವು. ಚಿತ್ರ ಬರೆಯುವವನು ವಸ್ತುವನ್ನು ಒಮ್ಮೆ ನೋಡಿ ಸುಮ್ಮನಾಗುವಂತಿಲ್ಲ. ಗೆರೆ ಗೆರೆಗೂ ಮತ್ತೆ ನೋಡಬೇಕು. ಹೀಗೆ ನೋಡಿದುದು ನೆನಪಿನಲ್ಲಿ ಆಳವಾಗಿ ನಿಲ್ಲುತ್ತದೆ. ಮುಂದೆ ಟೇಲರನ ಬಾಳಿನಲ್ಲಿ ಈ ಅಭ್ಯಾಸವೇ ಅವನ ಕೊನೆಯ ಆಸ್ತಿಯಾಯಿತು.

ಇಪ್ಪತ್ತರ ಆಚೀಚಿನ ವಯಸ್ಸಿನಲ್ಲಿಯೇ ಅವನು ನಿಜಾಮನ ರಾಜ್ಯದ ನೈಋತ್ಯ ಭಾಗದಲ್ಲಿ ಪೊಲೀಸು ಅಧಿಕಾರಿಯಾಗಿದ್ದನು. ದಾರಿಹೋಕರ ಸ್ನೇಹ ಸಂಪಾದಿಸಿ, ಜೊತೆಯಲ್ಲಿ ನಡೆದು, ಕೊನೆಗೆ ಕರವಸ್ತ್ರದಿಂದ ಕೊರಳು ಬಿಗಿದು ಕೊಲ್ಲುತ್ತಿದ್ದರೆನ್ನಲಾದ ಠಗ್ಗರ ಸುಳಿವು ಅವನಿಗೆ ದೊರೆತುದು ಆಗಲೇ. ಆದರೆ ಆ ಗುಟ್ಟು ಬಯಲಾಗುವ ಮೊದಲೇ ಅವನನ್ನು ಸೈನ್ಯಕ್ಕೆ ಮರಳಿ ಕರೆಸಿಕೊಂಡರು. ಕೀರ್ತಿ ಸ್ಲೀಮನ್ ಎಂಬ ಮತ್ತೊಬ್ಬ ಅಧಿಕಾರಿಗೆ ಸಂದಿತು. ಈ ಕೊರಗು ಟೇಲರನನ್ನು ಬಿಡಲಿಲ್ಲ. ಮುಂದೆ ಆರೋಗ್ಯ ಕೆಟ್ಟು ಸ್ವದೇಶಕ್ಕೆ ರಜೆಯ ಮೇಲೆ ಹೋದಾಗ, ೧೮೩೯ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಠಗ್’ ಎಂಬ ಕಾದಂಬರಿಯನ್ನು ಹೊರತಂದನು. ವಿಕ್ಟೋರಿಯಾ ರಾಣಿಯು ಅದನ್ನು ಅಚ್ಚಿನ ಕರಡಿನಲ್ಲಿಯೇ ತರಿಸಿ ಓದಿದಳೆಂದು ಪ್ರಸಿದ್ಧಿ.

ಈ ಕಾದಂಬರಿಯ ವಿಶೇಷವು ಅದರ ಕಥೆಗಿಂತ ಹೆಚ್ಚಾಗಿ ಅದರ ನಿರೂಪಣೆಯಲ್ಲಿದೆ. ಕಥೆಯನ್ನು ಹೇಳುವವನು ಅಮೀರ್ ಅಲಿ ಎಂಬ ಠಗ್ಗನೇ. ಓದುಗನು ಅವನೊಡನೆ ಹಾದಿ ನಡೆಯುತ್ತಾನೆ, ಅವನ ಕಣ್ಣಿನಿಂದಲೇ ಪ್ರಯಾಣಿಕರನ್ನು ನೋಡುತ್ತಾನೆ, ಅವನ ತಂದೆಯ ವಾತ್ಸಲ್ಯಕ್ಕೆ ಕರಗುತ್ತಾನೆ; ಕೊಲೆಯ ಹೊತ್ತಿಗೆ ತಾನೂ ಆ ಗುಂಪಿನಲ್ಲಿ ಒಬ್ಬನಾಗಿ ನಿಂತಿರುವುದನ್ನು ಕಂಡು ಬೆಚ್ಚುತ್ತಾನೆ. ನೋಡುವವನನ್ನು ಚಿತ್ರದ ಒಳಕ್ಕೆ ಸೆಳೆಯುವುದೆಂದರೆ ಇದೇ. ಆದರೆ ಇಲ್ಲಿಯೇ ಒಂದು ಎಚ್ಚರವೂ ಬೇಕು. ಠಗ್ಗರ ವಿಷಯ ಅಂದಿನ ಸರ್ಕಾರಕ್ಕೆ ತಿಳಿದುದು ಹೆಚ್ಚಾಗಿ ಕ್ಷಮಾದಾನದ ಆಸೆಗೆ ಮಾಫಿಸಾಕ್ಷಿಗಳಾದವರ ಬಾಯಿಂದ. ಅವರ ಹೇಳಿಕೆಗಳಲ್ಲಿ ನಿಜವೆಷ್ಟು, ಕೇಳುವವನನ್ನು ಮೆಚ್ಚಿಸಲು ಸೇರಿಸಿದುದೆಷ್ಟು ಎಂದು ಈಚಿನ ಇತಿಹಾಸಕಾರರು ಶಂಕಿಸಿದ್ದಾರೆ. ಕಾದಂಬರಿಯೊಳಕ್ಕೆ ಹೊಕ್ಕ ಓದುಗನಿಗಾದರೋ ಇಂತಹ ಶಂಕೆ ಹುಟ್ಟುವುದೇ ಇಲ್ಲ. ಅನುಭವವು ಎಷ್ಟು ಪೂರ್ಣವಾಗಿರುತ್ತದೆಯೋ ಪ್ರಶ್ನೆಯು ಅಷ್ಟು ಹಿಂದಾಗುತ್ತದೆ.

ಮರುವರ್ಷವೇ ಟೇಲರ್ ಟಿಪ್ಪು ಸುಲ್ತಾನನನ್ನು ಕುರಿತ ಕಾದಂಬರಿಯನ್ನು ಪ್ರಕಟಿಸಿದನು. ಲಂಡನ್ನಿನ ಜನಕ್ಕೆ ಶ್ರೀರಂಗಪಟ್ಟಣವು ಆ ವೇಳೆಗೆ ಅಪರಿಚಿತವಾಗಿರಲಿಲ್ಲ. ೧೭೯೯ರಲ್ಲಿ ಟಿಪ್ಪು ಮಡಿದ ಮರುವರ್ಷ, ರಾಬರ್ಟ್ ಕೆರ್ ಪೋರ್ಟರ್ ಎಂಬ ಯುವಕನು ಆ ಕೋಟೆಯ ಮುತ್ತಿಗೆಯನ್ನು ನೂರು ಅಡಿಗೂ ಮೀರಿದ ಉದ್ದದ ಬಟ್ಟೆಯ ಮೇಲೆ ಆರೇ ವಾರಗಳಲ್ಲಿ ಚಿತ್ರಿಸಿ, ಲಂಡನ್ನಿನಲ್ಲಿ ಅರ್ಧವೃತ್ತಾಕಾರವಾಗಿ ನಿಲ್ಲಿಸಿದ್ದನು. ಹಣ ತೆತ್ತು ಒಳಗೆ ಹೋದವರಿಗೆ ತಾವೇ ಯುದ್ಧರಂಗದಲ್ಲಿ ನಿಂತಂತಾಗುತ್ತಿತ್ತಂತೆ. ಆದರೆ ಪೋರ್ಟರನು ಶ್ರೀರಂಗಪಟ್ಟಣವನ್ನು ಕಂಡವನೇ ಅಲ್ಲ. ಟೇಲರನಿಗೂ ಅವನಿಗೂ ಇದ್ದ ಭೇದ ಇದು: ಟೇಲರ್ ಈ ನೆಲದಲ್ಲಿ ನಡೆದಿದ್ದನು, ಇಲ್ಲಿಯ ಬಿಸಿಲನ್ನೂ ಧೂಳನ್ನೂ ಉಂಡಿದ್ದನು.

ರಜೆಯಿಂದ ಮರಳಿದ ಮೇಲೆ, ೧೮೪೧ರಲ್ಲಿ, ಟೇಲರನು ಸುರಪುರಕ್ಕೆ ನಿಯುಕ್ತನಾದನು. ಸುರಪುರವು ಬೇಡ ನಾಯಕರ ಸಂಸ್ಥಾನ. ೧೭೦೫ರಲ್ಲಿ ವಾಗಿನಗೇರಿಯ ಕೋಟೆಯ ಮುಂದೆ ಔರಂಗಜೇಬನೇ ಸ್ವತಃ ನಿಂತು ಹೋರಾಡಬೇಕಾಗಿ ಬಂದಿತೆಂದರೆ ಈ ನಾಯಕರ ಕೆಚ್ಚು ಎಂತಹುದೆಂದು ತಿಳಿಯಬಹುದು. ಚಿನ್ನದ ರೇಕಿನ ಸೊಗಸಿನಿಂದ ಹೆಸರಾದ ಸುರಪುರದ ಚಿತ್ರಕಲೆಯೂ ಇವರ ಆಶ್ರಯದಲ್ಲಿಯೇ ಬೆಳೆದುದು. ಆದರೆ ಟೇಲರ್ ಬಂದಾಗ ಸಂಸ್ಥಾನವು ಕಪ್ಪಕಾಣಿಕೆಯ ಬಾಕಿಯಿಂದಲೂ ಸಾಲದಿಂದಲೂ ಒಳಜಗಳದಿಂದಲೂ ಕುಗ್ಗಿಹೋಗಿದ್ದಿತು. ರಾಜಾ ಕೃಷ್ಣಪ್ಪ ನಾಯಕನು ೧೮೪೨ರಲ್ಲಿ ತೀರಿಕೊಂಡನು. ಮಗ ವೆಂಕಟಪ್ಪ ನಾಯಕನಿನ್ನೂ ಚಿಕ್ಕ ಹುಡುಗ. ರಾಣಿ ಈಶ್ವರಮ್ಮ ಒಂದು ಕಡೆ, ರಾಜಬಂಧು ಪಿಡ್ಡ ನಾಯಕ ಮತ್ತೊಂದು ಕಡೆ. ನಡುವೆ ಆಯುಧ ಹಿಡಿದ ಬೇಡ ಪಡೆ. ರಕ್ತಪಾತಕ್ಕೆ ಎಡೆಗೊಡದೆ ಈ ಕಗ್ಗಂಟನ್ನು ಬಿಡಿಸಿ, ಎಳೆಯ ರಾಜನ ಪರವಾಗಿ ಆಡಳಿತದ ಹೊಣೆಯನ್ನು ಟೇಲರ್ ಹೊತ್ತನು. ೧೮೫೩ರವರೆಗೆ ಅವನು ಇಲ್ಲಿದ್ದನು.

ಈ ಕಾಲದಲ್ಲಿ ಅವನು ಲೆಕ್ಕಪತ್ರಗಳನ್ನು ಸರಿಪಡಿಸಿದನು, ರಸ್ತೆ ಹಾಕಿಸಿದನು, ಕೆರೆಗಳನ್ನು ದುರಸ್ತಿಗೊಳಿಸಿದನು. ಇಂದು ಪಕ್ಷಿಧಾಮವಾಗಿರುವ ಬೋನಾಳ ಕೆರೆಯು ನಾಯಕರ ಕಾಲದ್ದು. ಅದನ್ನು ಹಿರಿದುಗೊಳಿಸಿದವನು ಟೇಲರ್. ಗುಡ್ಡದ ಮೇಲೆ ಬಂಗಲೆಯನ್ನು ಕಟ್ಟಿಸಿದುದೂ ಆಗಲೇ. ಈ ನಡುವೆ ಹೆಂಡತಿ ಮೇರಿ ತೀರಿಕೊಂಡಳು. ಹೆಣ್ಣುಮಕ್ಕಳು ದೂರದ ಇಂಗ್ಲೆಂಡಿನಲ್ಲಿದ್ದರು. ಒಂಟಿಯಾದ ಅವನಿಗೆ ಎಳೆಯ ವೆಂಕಟಪ್ಪ ನಾಯಕನೇ ಮಗನಂತಾದನು. ಹುಡುಗನೂ ಅವನನ್ನು ಅಪ್ಪ ಎಂದೇ ಕರೆಯುತ್ತಿದ್ದನು. ಆಳುವ ಸರ್ಕಾರದ ಪ್ರತಿನಿಧಿಯೊಬ್ಬನು ಆಳಿಸಿಕೊಳ್ಳುವ ರಾಜನಿಗೆ ಅಪ್ಪನಾದುದು ವಿಚಿತ್ರವೇ ಸರಿ. ಈ ಸಂಬಂಧದಲ್ಲಿ ಪ್ರೀತಿಯೂ ಸುಳ್ಳಲ್ಲ, ಅಧಿಕಾರವೂ ಸುಳ್ಳಲ್ಲ.

ಸುರಪುರದಲ್ಲಿದ್ದಾಗ ಟೇಲರ್ ಮಾಡಿದ ಮತ್ತೊಂದು ಕೆಲಸವನ್ನು ಇತಿಹಾಸದ ವಿದ್ಯಾರ್ಥಿಗಳು ಮರೆಯಬಾರದು. ರಾಜನಕೋಳೂರಿನಲ್ಲಿ ದೊಡ್ಡ ಚಪ್ಪಡಿಗಳನ್ನು ಗೋಡೆಯಂತೆ ನಿಲ್ಲಿಸಿ, ಮೇಲೊಂದು ಚಪ್ಪಡಿಯನ್ನು ಹೊದಿಸಿದ ಕಲ್ಮನೆಗಳಿವೆ. ನಮ್ಮ ಜನ ಇವನ್ನು ಮೋರ್ಯರ ಮನೆಗಳೆನ್ನುತ್ತಾರೆ. ಗಿಡ್ಡ ದೇಹದ ಮೋರ್ಯರೆಂಬವರು ಹಿಂದೆ ಇವುಗಳಲ್ಲಿ ವಾಸವಾಗಿದ್ದರೆಂದು ಕಥೆ. ಶಹಾಪುರದ ಬಳಿಯ ವಿಭೂತಿಹಳ್ಳಿಯಲ್ಲಿ ಗುಂಡುಗಳನ್ನು ಸಾಲು ಸಾಲಾಗಿ ಒಂದು ಕ್ರಮದಲ್ಲಿ ಇಟ್ಟ ಬಯಲುಂಟು. ದನ ಕಾಯುವವರು ನೆರಳಿಗೆ ಕೂಡುತ್ತಿದ್ದ ಈ ಕಲ್ಲುಗಳ ಮುಂದೆ ಟೇಲರ್ ಅಳತೆಯ ಸರಪಳಿ ಹಿಡಿದು ನಿಂತನು. ಕಲ್ಮನೆಗಳನ್ನು ಎಣಿಸಿದನು, ಚಪ್ಪಡಿಗಳ ಉದ್ದಗಲಗಳನ್ನು ಬರೆದುಕೊಂಡನು. ಭೀಮಾನದಿಯ ದಡದ ಫಿರೋಜಾಬಾದಿಗೆ ಸಮೀಪದ ಜೇವರ್ಗಿಯಲ್ಲಿ ಕಲ್ಗುಪ್ಪೆಗಳನ್ನು ಅಗೆಸಿದನು. ಹಾಗೆ ಅಗೆಸಿದಾಗ ಸಿಕ್ಕಿದ ಮಡಕೆಗಳನ್ನು ಆಯ್ದುಕೊಂಡು ಬರುವುದಷ್ಟೇ ಅಂದಿನವರ ರೂಢಿ. ಟೇಲರನಾದರೋ ನೆಲವನ್ನು ಮೇಲಿಂದ ಕೆಳಗೆ ಸೀಳಿದಂತೆ ನಕ್ಷೆ ಬರೆದು, ಯಾವ ಪದರದಲ್ಲಿ ಕಲ್ಲು, ಯಾವ ಪದರದಲ್ಲಿ ಮಣ್ಣು, ಎಲ್ಲಿ ಎಲುಬು, ಎಲ್ಲಿ ಮಡಕೆ ಎಂದು ತೋರಿಸಿದನು. ಈ ಬರಹಗಳು ೧೮೫೦ರ ದಶಕದಲ್ಲಿ ಏಷ್ಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿಯೂ, ಅನಂತರ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿಯೂ ಬೆಳಕು ಕಂಡುವು. ಸುಮಾರು ನೂರು ವರ್ಷಗಳ ಮೇಲೆ ಪ್ರಸಿದ್ಧ ಪುರಾತತ್ತ್ವಜ್ಞ ಮಾರ್ಟಿಮರ್ ವ್ಹೀಲರನು ಈ ಸೀಳುನಕ್ಷೆಗಳು ತಮ್ಮ ಕಾಲಕ್ಕಿಂತ ಬಹಳ ಮುಂದಿದ್ದುವೆಂದು ಮೆಚ್ಚಿಕೊಂಡನು.

ಆದರೆ ಇದೇ ಗೋರಿಗಳನ್ನು ಕಟ್ಟಿದವರು ಯಾರು ಎಂಬ ಪ್ರಶ್ನೆಗೆ ಟೇಲರ್ ಕೊಟ್ಟ ಉತ್ತರ ನಿಲ್ಲಲಿಲ್ಲ. ಬ್ರಿಟನ್ನಿನ ಹಳೆಯ ಕಲ್ಲುಗೋರಿಗಳಿಗೂ ಇವುಗಳಿಗೂ ಇರುವ ಹೋಲಿಕೆಯನ್ನು ಕಂಡು, ಕೆಲ್ಟರೋ ಸಿಥಿಯನ್ನರೋ ಆದ ಒಂದೇ ಜನಾಂಗವು ಅಲ್ಲಿಗೂ ಇಲ್ಲಿಗೂ ಬಂದಿರಬೇಕೆಂದು ಅವನು ಭಾವಿಸಿದನು. ಇಂದಿನ ವಿದ್ವಾಂಸರು ಇವುಗಳನ್ನು ದಕ್ಷಿಣ ಭಾರತದ ಕಬ್ಬಿಣಯುಗದ ಜನರ ಕೃತಿಗಳೆಂದೂ, ಬಹುಮಟ್ಟಿಗೆ ಕ್ರಿಸ್ತಪೂರ್ವದ ಒಂದನೆಯ ಸಹಸ್ರಮಾನಕ್ಕೆ ಸೇರಿದುವೆಂದೂ ಗಣಿಸುತ್ತಾರೆ. ಟೇಲರ್ ಅಳೆದುದು ಉಳಿಯಿತು, ಊಹಿಸಿದುದು ಅಳಿಯಿತು. ಕಣ್ಣು ತನ್ನೆದುರಿನ ಕಲ್ಲನ್ನು ಸರಿಯಾಗಿಯೇ ಕಂಡಿತು; ಆದರೆ ತನ್ನ ಊರಿನ ಕಲ್ಲಿನ ನೆನಪು ನಡುವೆ ಬಂದು ನಿಂತಿತು.

೧೮೫೩ರಲ್ಲಿ ರಾಜನು ಪ್ರಾಪ್ತವಯಸ್ಕನಾದನು. ಆಡಳಿತವನ್ನು ಅವನಿಗೆ ಒಪ್ಪಿಸಿ ಟೇಲರ್ ನಳದುರ್ಗದ ಕಡೆಗೆ ವರ್ಗವಾಗಿ ಹೋದನು. ೧೮೫೭ರ ದಂಗೆಯ ದಿನಗಳಲ್ಲಿ ಅವನು ವರ್ಹಾಡದಲ್ಲಿದ್ದನು. ೧೮೫೮ರ ಫೆಬ್ರವರಿಯಲ್ಲಿ ಸುರಪುರವು ಬ್ರಿಟಿಷರ ವಿರುದ್ಧ ಎದ್ದಿತು. ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿಯು ಹತನಾದನು. ಸುರಪುರವು ಕೈಬಿಟ್ಟಾಗ ವೆಂಕಟಪ್ಪ ನಾಯಕನು ಹೈದರಾಬಾದಿಗೆ ಹೋಗಿ, ಅಲ್ಲಿ ಸೆರೆಸಿಕ್ಕಿದನು. ಟೇಲರನು ಸೆರೆಯಲ್ಲಿದ್ದ ರಾಜನನ್ನು ಹೋಗಿ ಕಂಡನು. ಅನಂತರ ಸುರಪುರದ ಆಡಳಿತಕ್ಕೆ ಮತ್ತೊಮ್ಮೆ ಅವನನ್ನೇ ಕಳುಹಿಸಿದರು. ರಾಜನಿಗೆ ವಿಧಿಸಿದ ಮರಣದಂಡನೆಯು ಮೊದಲು ಗಡೀಪಾರಿಗೆ, ಬಳಿಕ ನಾಲ್ಕು ವರ್ಷಗಳ ಸೆರೆವಾಸಕ್ಕೆ ಇಳಿಯಿತು. ಆದರೆ ಮದರಾಸಿನ ಕಡೆಯ ಚೆಂಗಲ್ಪಟ್ಟಿನ ಕೋಟೆಗೆ ಒಯ್ಯುತ್ತಿರುವಾಗ ದಾರಿಯಲ್ಲಿಯೇ ಆ ತರುಣನು ಗುಂಡಿಗೆ ಬಲಿಯಾದನು. ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ತಾನೇ ಹೊಡೆದುಕೊಂಡನೆಂದು ಸರ್ಕಾರದ ಹೇಳಿಕೆ. ನಮ್ಮ ಸೀಮೆಯಲ್ಲಿ ಅದನ್ನು ಒಪ್ಪದವರು ಅಂದೂ ಇದ್ದರು, ಇಂದೂ ಇದ್ದಾರೆ.

ಟೇಲರ್ ತನ್ನ ಆತ್ಮಕಥೆಯಲ್ಲಿ ಈ ಪ್ರಸಂಗವನ್ನು ಬರೆದಿರುವ ರೀತಿಯು ವಿಚಾರಾರ್ಹವಾಗಿದೆ. ರಾಜನು ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಸಾಯುವನೆಂದು ಜಾತಕದಲ್ಲಿ ಇದ್ದಿತೆಂದೂ, ರಾಣಿ ಈಶ್ವರಮ್ಮ ಅದನ್ನು ಹಿಂದೆಯೇ ತನಗೆ ತಿಳಿಸಿದ್ದಳೆಂದೂ, ಅದು ಕೊನೆಗೆ ನಿಜವಾಯಿತೆಂದೂ ಅವನು ಹೇಳುತ್ತಾನೆ. ಓದುವಾಗ ಕಣ್ಣು ಹನಿಗೂಡುತ್ತದೆ. ಟೇಲರನ ದುಃಖವು ನಟನೆಯದಲ್ಲ. ಆದರೂ ಸಾವು ವಿಧಿಲಿಖಿತವೆಂದು ಆದ ಮೇಲೆ ಮನುಷ್ಯರ ಹೊಣೆಯನ್ನು ಕೇಳುವವರಾರು? ಅಪ್ಪ ಎಂದು ಕರೆದವನ ಮೇಲೆ ಹುಡುಗನು ಏಕೆ ಕತ್ತಿ ಹಿಡಿದನು? ತನ್ನ ನಾಡು ತನ್ನದಾಗಿಯೇ ಉಳಿಯಬೇಕೆಂಬ ಹಂಬಲವು ಅವನಲ್ಲಿ ಎಂದು ಮೊಳೆಯಿತು? ಇದಕ್ಕೆ ಟೇಲರನ ಪುಸ್ತಕದಲ್ಲಿ ಉತ್ತರವಿಲ್ಲ. ಕೆಟ್ಟ ಸಂಗ, ತಪ್ಪುದಾರಿ ಎಂಬ ಮಾತುಗಳಲ್ಲಿಯೇ ಅವನ ವಿವರಣೆ ಮುಗಿಯುತ್ತದೆ. ವೆಂಕಟಪ್ಪ ನಾಯಕನು ಆತ್ಮಕಥೆ ಬರೆಯುವಷ್ಟು ಕಾಲ ಬದುಕಲಿಲ್ಲ.

೧೮೬೦ರಲ್ಲಿ ಆರೋಗ್ಯವು ತೀರ ಕೆಟ್ಟು ಟೇಲರ್ ಭಾರತವನ್ನು ಬಿಟ್ಟನು. ಅದೇ ವರ್ಷ ಸುರಪುರವು ನಿಜಾಮನ ವಶಕ್ಕೆ ಹೋಯಿತು. ಐರ್ಲೆಂಡಿನ ಡಬ್ಲಿನ್ ಬಳಿ ನೆಲಸಿದ ಟೇಲರನಿಗೆ ಉಳಿದುದು ಚಿತ್ರದ ಕಟ್ಟುಗಳು ಮತ್ತು ನೆನಪು. ೧೮೬೬ರಲ್ಲಿ ವಿಜಾಪುರ, ಧಾರವಾಡ ಮತ್ತು ಮೈಸೂರು ಪ್ರಾಂತಗಳ ಕಟ್ಟಡಗಳ ಛಾಯಾಚಿತ್ರ ಸಂಪುಟಗಳು ಹೊರಬಂದಾಗ ಅವುಗಳಿಗೆ ಇತಿಹಾಸದ ಭಾಗವನ್ನು ಅವನೇ ಬರೆದುಕೊಟ್ಟನು. ‘ತಾರಾ’ (೧೮೬೩), ‘ರಾಲ್ಫ್ ಡಾರ್ನೆಲ್’ (೧೮೬೫), ‘ಸೀತಾ’ (೧೮೭೨) ಎಂಬ ಮೂರು ಕಾದಂಬರಿಗಳಲ್ಲಿ ೧೬೫೭, ೧೭೫೭, ೧೮೫೭ ಎಂಬ ಶತಮಾನದ ಅಂತರದ ಮೂರು ಸಂಧಿಕಾಲಗಳನ್ನು ಚಿತ್ರಿಸಿದನು.

ಕೊನೆಯ ವರ್ಷಗಳಲ್ಲಿ ಅವನ ದೃಷ್ಟಿಯು ಕುಂದುತ್ತ ಬಂದಿತು. ನೋಡಿ ನೋಡಿ ಬದುಕಿದವನಿಗೆ ಇದಕ್ಕಿಂತ ಹೆಚ್ಚಿನ ದಂಡನೆ ಬೇರೆಯಿರಲಾರದು. ಆದರೆ ಕಣ್ಣಿನ ಬೆಳಕು ಕಡಮೆಯಾದಷ್ಟೂ ನೆನಪಿನ ನಾಡು ಸ್ಫುಟವಾಯಿತು. ಚಾಂದಬೀಬಿಯನ್ನು ಕುರಿತ ‘ಎ ನೋಬಲ್ ಕ್ವೀನ್’ ಎಂಬ ಅವನ ಕಡೆಯ ಕಾದಂಬರಿಯಲ್ಲಿ ತುಂಬಿ ಹರಿಯುವ ಕೃಷ್ಣೆ, ಅದರ ನಡುವಣ ಜಲದುರ್ಗ, ಬೇಡ ನಾಯಕರ ಹಳ್ಳಿಗಳು ಎಲ್ಲವೂ ಬರುತ್ತವೆ. ಹದಿನೈದು ವರ್ಷಗಳಿಂದ ಕಾಣದ ಹೊಳೆಯನ್ನು ಅವನು ಡಬ್ಲಿನ್ನಿನ ಕೋಣೆಯಲ್ಲಿ ಕುಳಿತು ಹರಿಯಿಸಿದನು. ೧೮೭೫ರಲ್ಲಿ ನಿಜಾಮನ ಮಂತ್ರಿ ಸಾಲಾರ್ ಜಂಗನ ಆಹ್ವಾನದ ಮೇಲೆ ಹೈದರಾಬಾದಿಗೆ ಬಂದನು. ಅಲ್ಲಿ ಜ್ವರ ತಗುಲಿ, ಮರಳುವ ದಾರಿಯಲ್ಲಿ ಫ್ರಾನ್ಸಿನ ಮಾಂತೋನ್ ಎಂಬಲ್ಲಿ ೧೮೭೬ರ ಮೇ ೧೩ರಂದು ಕೊನೆಯುಸಿರೆಳೆದನು. ಆತ್ಮಕಥೆಯನ್ನು ಮಗಳು ಆಲಿಸ್ ೧೮೭೭ರಲ್ಲಿಯೂ, ಚಾಂದಬೀಬಿಯ ಕಾದಂಬರಿಯನ್ನು ಪ್ರಕಾಶಕರು ೧೮೭೮ರಲ್ಲಿಯೂ ಹೊರತಂದರು.

ಟೇಲರನು ನಮ್ಮ ಶತ್ರುವೋ ಮಿತ್ರನೋ ಎಂದು ವಾದಿಸುವುದು ಸುಲಭ. ಬೋನಾಳದ ನೀರನ್ನು ಕಂಡವರು ಮಿತ್ರನೆನ್ನಬಹುದು. ವೆಂಕಟಪ್ಪ ನಾಯಕನನ್ನು ನೆನೆದವರು ಬೇರೆ ಮಾತನಾಡಬಹುದು. ಅದಕ್ಕಿಂತ ಹೆಚ್ಚಿನ ಪ್ರಯೋಜನವುಳ್ಳ ವಿಚಾರವೊಂದಿದೆ. ನಾಳೆ ನಮ್ಮಲ್ಲಿಯೇ ಯಾರಾದರೂ ವಿದ್ಯಾರ್ಥಿಯು ಹೊಸ ಯಂತ್ರಗಳ ನೆರವಿನಿಂದ ೧೮೫೮ರ ಸುರಪುರವನ್ನು ನೋಡುವವರ ಸುತ್ತ ಕಟ್ಟಿ ನಿಲ್ಲಿಸಲು ಹೊರಟರೆ, ಟೇಲರನ ಬರಹಗಳನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಆಗ ರಾಜನಕೋಳೂರಿನ ಕಲ್ಲನ್ನು ಅವನು ಅಳೆದಂತೆ ಅಳೆಯುವುದನ್ನು ಅವನಿಂದ ಕಲಿಯಬೇಕು. ಅದರ ಜೊತೆಗೆ, ನೋಡುವವನನ್ನು ಯಾರ ಕಣ್ಣಿನ ಜಾಗದಲ್ಲಿ ನಿಲ್ಲಿಸುತ್ತಿದ್ದೇವೆಂದು ನಮ್ಮನ್ನು ನಾವೇ ಕೇಳಿಕೊಳ್ಳಬೇಕು. ಗುಡ್ಡದ ಮೇಲಿನ ಬಂಗಲೆಯ ಕಿಟಕಿಯಿಂದ ಕಾಣುವ ಸುರಪುರ ಒಂದು. ಸೆರೆಯಾಗಿ ಹೋಗುತ್ತಿದ್ದ ತರುಣ ರಾಜನು ಕೊನೆಯ ಸಲ ನೆನೆದ ಸುರಪುರ ಮತ್ತೊಂದು. ಮೊದಲನೆಯದನ್ನು ಟೇಲರ್ ನಮಗೆ ಬರೆದಿಟ್ಟು ಹೋಗಿದ್ದಾನೆ. ಎರಡನೆಯದನ್ನು ನಮ್ಮ ಊರುಗಳ ಹಿರಿಯರ ಬಾಯಿಂದಲೂ, ಲಾವಣಿಗಳಿಂದಲೂ, ಹಳೆಯ ಕಾಗದಪತ್ರಗಳಿಂದಲೂ ಕೂಡಿಸಬೇಕಾದ ಹೊಣೆ ಈ ಮಣ್ಣಿನಲ್ಲಿ ಹುಟ್ಟಿ ಓದುತ್ತಿರುವ ನಮ್ಮದು.